ಹಳೇ ಮೋಟರ್‌ಹೋಮ್: 40 ನಿಮಿಷ ಚೆನ್ನಾಗಿ ಓಡಿ ಏರಿನಲ್ಲಿ ಆಫ್ ಆಗುತ್ತದೆ, ಎಲ್ಲಿಂದ ಹುಡುಕಲಿ?

ಚಕ್ರದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು 1986ರ ಮೋಟರ್‌ಹೋಮ್. ಪೆಟ್ರೋಲ್ ವಿ8, ನಾಲ್ಕು ಬ್ಯಾರೆಲ್ ಕಾರ್ಬುರೇಟರ್, ಎಂಜಿನ್ ಮೇಲೆಯೇ ಕೂತಿರುವ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್. ಓಡಿಸುವವರು ನಮ್ಮ ಯಜಮಾನರು, ಸ್ಪ್ಯಾನರ್ ಹಿಡಿಯುವವಳು ನಾನು.

ತೊಂದರೆ ಹೀಗಿದೆ. ತಣ್ಣಗಿರುವಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಸಮತಟ್ಟು ರಸ್ತೆಯಲ್ಲಿ ಎಷ್ಟು ಹೊತ್ತು ಓಡಿಸಿದರೂ ತಕರಾರಿಲ್ಲ. 40 ನಿಮಿಷ ಓಡಿ ಬಿಸಿಯಾದ ಮೇಲೆ ಉದ್ದನೆಯ ಏರು ಸಿಕ್ಕರೆ ಶುರುವಾಗುತ್ತದೆ. ಮೊದಲು ಪಿಕಪ್ ಇಳಿಯುತ್ತದೆ, ಎರಡು ಮೂರು ಸಲ ಜಗ್ಗುತ್ತದೆ, ಆಮೇಲೆ ಆಫ್. ಪಕ್ಕಕ್ಕೆ ನಿಲ್ಲಿಸಿ 20 ನಿಮಿಷ ಸುಮ್ನೆ ಕೂತರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ. ಮುಂದಿನ ಏರಿನಲ್ಲಿ ಮತ್ತೆ ಅದೇ ಕಥೆ.

ಇಲ್ಲಿಯವರೆಗೆ ಬದಲಾಯಿಸಿದ್ದು: ಪೆಟ್ರೋಲ್ ಪಂಪ್, ಎರಡು ಸಲ ಫಿಲ್ಟರ್, ಇಗ್ನಿಷನ್ ಕಾಯಿಲ್, ಎಂಟೂ ಸ್ಪಾರ್ಕ್ ಪ್ಲಗ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ರೋಟರ್. ಒಂದು ಗ್ಯಾರೇಜಿನವರು ಕಾರ್ಬುರೇಟರ್ ಬಿಚ್ಚಿ ತೊಳೆದು ಕೊಟ್ಟರು. ಯಾವುದರಿಂದಲೂ ಕೂದಲೆಳೆಯಷ್ಟು ವ್ಯತ್ಯಾಸ ಆಗಲಿಲ್ಲ. ತೆಗೆದ ಫಿಲ್ಟರಿನಲ್ಲಿ ಕಪ್ಪು ಪುಡಿ ಸ್ವಲ್ಪ ಇತ್ತು. ಹಳೇ ಟ್ಯಾಂಕ್ ಅಲ್ವಾ, ಕಸ ಇರುತ್ತದೆ ಅಂದರು.

ಕಳೆದ ಸಲ ಏರಿನ ತಿರುವಿನಲ್ಲೇ ಆಫ್ ಆಯಿತು. ಹಿಂದೆ ಸಾಲು ಸಾಲು ಗಾಡಿ. ಸ್ಟೀರಿಂಗ್ ಕಲ್ಲಿನ ಹಾಗೆ ಗಟ್ಟಿಯಾಯಿತು. ನನಗೆ ಈಗ ಈ ಗಾಡಿಯಲ್ಲಿ ಮಕ್ಕಳನ್ನು ಕೂರಿಸಲು ಭಯ. ದಯವಿಟ್ಟು ದಾರಿ ತೋರಿಸಿ.

ನಿಧಾನಪಯಣ

ಇದು ವೇಪರ್ ಲಾಕ್, ಬೇರೆ ಏನೂ ಅಲ್ಲ. ಮೆಕ್ಯಾನಿಕಲ್ ಪಂಪ್ ಬಿಸಿ ಎಂಜಿನ್ ಮೈಗೆ ಅಂಟಿಕೊಂಡಿರುತ್ತದೆ. ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯಬೇಕು. ಎಳೆಯುವ ಪೈಪಿನಲ್ಲಿ ಒತ್ತಡ ಕಡಿಮೆ, ಹಾಗಾಗಿ ಪೆಟ್ರೋಲ್ ಬೇಗ ಕುದಿದು ಆವಿಯಾಗುತ್ತದೆ. ಆವಿಯನ್ನು ಆ ಪಂಪ್ ತಳ್ಳಲಾರದು. ತಣ್ಣಗಾದರೆ ಆವಿ ಮತ್ತೆ ದ್ರವ, ಗಾಡಿ ಸ್ಟಾರ್ಟ್. ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪ್ ಹಾಕಿಸಿ, ಮುಗೀತು.

ಗ್ಯಾರೇಜ್_ಅಣ್ಣ

ಅಕ್ಕ, ಮೊದಲು ಒಂದು ಮಾತು. ಇನ್ನು ಮುಂದೆ ಏನೂ ಕೊಳ್ಳಬೇಡಿ. ನೀವು ಬದಲಾಯಿಸಿದ ಒಂದೊಂದು ಸಾಮಾನೂ ಗಾಡಿ ಚೆನ್ನಾಗಿ ಓಡುತ್ತಿರುವಾಗ ಊಹೆ ಮಾಡಿ ಹಾಕಿದ್ದು. ಬಿಸಿಯಾದಾಗ ಬಂದು ತಣ್ಣಗಾದಾಗ ಹೋಗುವ ತೊಂದರೆ ಗ್ಯಾರೇಜಿನ ಒಳಗೆ ಸಿಗುವುದಿಲ್ಲ. ಗಾಡಿ ಆಫ್ ಆದ ಆ 20 ನಿಮಿಷ ಇದೆಯಲ್ಲ, ಉತ್ತರ ಇರುವುದು ಅಲ್ಲೇ. ಆಗ ಏನು ನೋಡಬೇಕು ಅಂತ ಮೊದಲೇ ತಿಳಿದುಕೊಂಡು, ಸಾಮಾನು ಕೈಗೆ ಸಿಗುವ ಹಾಗೆ ಇಟ್ಟುಕೊಂಡು ಹೊರಡಿ.

ಪೆಟ್ರೋಲ್ ಎಂಜಿನ್ ಹಾಗೆ ನಿಲ್ಲುವುದು ಬಹುತೇಕ ಎರಡೇ ಕಾರಣಕ್ಕೆ. ಕಿಡಿ ಇಲ್ಲ, ಇಲ್ಲಾ ಪೆಟ್ರೋಲ್ ಇಲ್ಲ. ನಿಲ್ಲುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. ಕಿಡಿ ಹೋದರೆ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಒಮ್ಮೆಲೇ ಸತ್ತುಹೋಗುತ್ತದೆ. ಗಾಡಿ ಇನ್ನೂ ಉರುಳುತ್ತಿರುವಾಗಲೇ ಟ್ಯಾಕೊಮೀಟರ್ ಮುಳ್ಳು ಸೊನ್ನೆಗೆ ಬೀಳುವುದೂ ಉಂಟು. ಪೆಟ್ರೋಲ್ ಕಡಿಮೆಯಾದರೆ ಉಸಿರು ಕಟ್ಟಿದ ಹಾಗೆ ಜಗ್ಗಿ ಜಗ್ಗಿ ನಿಲ್ಲುತ್ತದೆ, ಯಾಕೆಂದರೆ ಕಾರ್ಬುರೇಟರ್ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಖಾಲಿಯಾಗಲು ಸ್ವಲ್ಪ ಹೊತ್ತು ಬೇಕು. ನೀವು ಹೇಳಿದ್ದು ಎರಡನೆಯ ಥರ ಕಾಣುತ್ತದೆ. ಆದರೂ ಊಹೆ ಬೇಡ, ನೋಡೋಣ.

ಆಫ್ ಆದ ತಕ್ಷಣ ಇಷ್ಟು ಮಾಡಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಒಳಗಿನ ಎಂಜಿನ್ ಮುಚ್ಚಳ ತೆಗೆದು ಏರ್ ಕ್ಲೀನರ್ ಬಿಚ್ಚಿ. ಎಂಜಿನ್ ಆಫ್ ಇರಲಿ. ಟಾರ್ಚ್ ಹಿಡಿದು ಕಾರ್ಬುರೇಟರ್ ಬಾಯಿಯೊಳಗೆ ನೋಡುತ್ತಾ ಥ್ರಾಟಲ್ ಲಿವರನ್ನು ಕೈಯಿಂದ ಒಮ್ಮೆ ಪೂರ್ತಿ ಎಳೆಯಿರಿ. ಎರಡು ಸಣ್ಣ ಪಿಚಕಾರಿಯ ಹಾಗೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮಿದರೆ ಬಟ್ಟಲಿನಲ್ಲಿ ಪೆಟ್ರೋಲ್ ಇದೆ, ಕಿಡಿ ಕಡೆ ಹೋಗಿ. ಚಿಮ್ಮದಿದ್ದರೆ ಬಟ್ಟಲು ಖಾಲಿ, ಕಿಡಿಯ ಮಾತು ಬಿಟ್ಟುಬಿಡಿ. ಐದು ನಿಮಿಷದ ಒಳಗೆ ನೋಡಬೇಕು. ಸ್ಟಾರ್ಟ್ ಆದ ಮೇಲೆ ನೋಡಿದರೆ ಪ್ರಯೋಜನ ಇಲ್ಲ.

ಕಿಡಿ ನೋಡಲು ಪ್ಲಗ್ ವೈರಿಗೆ ಸಿಕ್ಕಿಸುವ ಸ್ಪಾರ್ಕ್ ಟೆಸ್ಟರ್ ಬಳಸಿ. ಕಾರ್ಬುರೇಟರ್ ತೆರೆದಿರುವಾಗ ಅದರ ಹತ್ತಿರ ಕಿಡಿ ಹಾರಿಸಬೇಡಿ. ಪೆಟ್ರೋಲ್ ನೋಡಿ, ಏರ್ ಕ್ಲೀನರ್ ಮುಚ್ಚಿ, ಆಮೇಲೆ ಕಿಡಿ.

ಎಚ್ಚರಿಕೆ_ಮೊದಲು

ಅಣ್ಣ ಹೇಳಿದ್ದಕ್ಕೆ ನಾನು ಒಂದು ಸೇರಿಸಲೇಬೇಕು. ಇದು ಕಾರಲ್ಲ, ಮನೆ. ಒಳಗೆ ಗ್ಯಾಸ್ ಒಲೆ ಇದೆ, ಗ್ಯಾಸಿನಲ್ಲಿ ನಡೆಯುವ ಫ್ರಿಜ್ ಇದೆ, ನೀರು ಕಾಯಿಸುವ ಬರ್ನರ್ ಇದೆ. ಆ ಫ್ರಿಜ್ಜಿನಲ್ಲಿ ಸಣ್ಣ ಜ್ವಾಲೆ ಉರಿಯುತ್ತಲೇ ಇರುತ್ತದೆ, ನಮಗೆ ನೆನಪೇ ಇರುವುದಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಎಂಜಿನ್ ಮುಚ್ಚಳ ತೆಗೆದರೆ ನೆಲದ ಮೇಲೆ ಹರಿದುಕೊಂಡು ಹಿಂದಕ್ಕೆ ಹೋಗುತ್ತದೆ.

ಪೆಟ್ರೋಲ್ ಪೈಪಿಗೆ ಕೈ ಹಾಕುವ ಮೊದಲು ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿ, ಜ್ವಾಲೆ ಆರಿದೆ ಅಂತ ಕಣ್ಣಾರೆ ನೋಡಿ, ಜನರೇಟರ್ ಆಫ್ ಮಾಡಿ, ಎಲ್ಲಾ ಬಾಗಿಲು ಕಿಟಕಿ ತೆಗೆಯಿರಿ. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಬಳಿ ಹೊರಗೆ ಇರಲಿ, ಒಳಗಿದ್ದರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ಮಕ್ಕಳು ಹೊರಗೆ, ದೂರ.

ಇನ್ನೊಂದು. ಓಡುವಾಗ ಎಂಜಿನ್ ಆಫ್ ಆದರೆ ಬ್ರೇಕ್ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟೇ ಇರುತ್ತದೆ. ಬಿಟ್ಟು ಬಿಟ್ಟು ಒತ್ತಬೇಡಿ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು ನಿಲ್ಲಿಸಿ. ಯಜಮಾನರಿಗೂ ಹೇಳಿಡಿ.

ಮಲ್ಟಿಮೀಟರ್

ಕಿಡಿ ಕಡೆಯದ್ದನ್ನು ಈಗಲೇ ಬಿಟ್ಟುಬಿಡಬೇಡಿ. ನನ್ನ ಗಾಡಿಯಲ್ಲೂ ಬಿಸಿಯಾದಾಗ ಮಾತ್ರ ಆಫ್ ಆಗುತ್ತಿತ್ತು. ಕಾಯಿಲ್ ಬದಲಾಯಿಸಿದೆ, ಮಾಡ್ಯೂಲ್ (ಕಾಯಿಲನ್ನು ಆನ್ ಆಫ್ ಮಾಡುವ ಎಲೆಕ್ಟ್ರಾನಿಕ್ ಭಾಗ) ಬದಲಾಯಿಸಿದೆ. ಕೊನೆಗೆ ಸಿಕ್ಕಿದ್ದು ಡಿಸ್ಟ್ರಿಬ್ಯೂಟರ್ ಒಳಗಿನ ಪಿಕಪ್ ಕಾಯಿಲಿನ (ಯಾವಾಗ ಕಿಡಿ ಹಾರಿಸಬೇಕು ಅಂತ ಮಾಡ್ಯೂಲಿಗೆ ತಿಳಿಸುವ ಸುರುಳಿ) ಎರಡು ಸಣ್ಣ ವೈರು. ಕಿಡಿಯ ಸಮಯ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಒಳಗಿನ ತಟ್ಟೆಯನ್ನು ತಿರುಗಿಸಿದಾಗೆಲ್ಲ ಆ ವೈರುಗಳು ಬಗ್ಗುತ್ತವೆ. ವರ್ಷಗಟ್ಟಲೆ ಬಗ್ಗಿ ಬಗ್ಗಿ ಒಳಗಿನ ತಾಮ್ರ ತುಂಡಾಗಿತ್ತು, ಮೇಲಿನ ಪ್ಲಾಸ್ಟಿಕ್ ಹಾಗೇ ಇತ್ತು. ಕಣ್ಣಿಗೆ ಕಾಣುವುದೇ ಇಲ್ಲ. ಓಮ್ ಮೀಟರ್ ಹಿಡಿದು ವೈರನ್ನು ಮೆಲ್ಲಗೆ ಅಲುಗಾಡಿಸಿದಾಗ ಅಂಕಿ ಕುಣಿಯಿತು. ಹಳೇ ಎಚ್‌ಇಐ (ಹೈ ಎನರ್ಜಿ ಇಗ್ನಿಷನ್) ಡಿಸ್ಟ್ರಿಬ್ಯೂಟರ್ ಆದರೆ ಅಲ್ಲಿ 500ರಿಂದ 1500 ಓಮ್ ಬರಬೇಕು, ಅಲುಗಾಡಿಸಿದರೂ ಕದಲಬಾರದು.

ಮಾಡ್ಯೂಲ್ ಯಾರಾದರೂ ಬದಲಾಯಿಸಿದ್ದರೆ ಅಡಿಯಲ್ಲಿ ಶಾಖ ದಾಟಿಸುವ ಪೇಸ್ಟ್ ಹಚ್ಚಿದ್ದಾರಾ ನೋಡಿ. ಅದಿಲ್ಲದಿದ್ದರೆ ಹೊಸ ಮಾಡ್ಯೂಲೂ ಬಿಸಿಗೆ ಬೇಗ ಹೋಗುತ್ತದೆ.

ಡೀಸೆಲ್_ಹೊಗೆ

ನಮ್ಮದು ಹಳೇ ಡೀಸೆಲ್. ಅಲ್ಲಿ ಕಿಡಿಯ ತಲೆನೋವಿಲ್ಲ, ಗಾಳಿಯ ತಲೆನೋವು. ಇದೇ ಥರ ಏರಿನಲ್ಲಿ ಉಸಿರು ಕಟ್ಟುತ್ತಿತ್ತು. ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ನೋಡಿದರೆ ಗುಳ್ಳೆ ಸಾಲಾಗಿ ಬರುತ್ತಿದ್ದವು. ಒಂದು ಕ್ಲಿಪ್ ಸಡಿಲ ಇತ್ತು, ಅಷ್ಟೇ. ಎಳೆಯುವ ಪೈಪಿನಲ್ಲಿ ತೂತಿದ್ದರೆ ಹೊರಗೆ ಸೋರಲೇಬೇಕು ಅಂತಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿದೆ ಅಂತ ಪೈಪ್ ಚೆನ್ನಾಗಿದೆ ಅಂದುಕೊಳ್ಳಬೇಡಿ.

ಚಕ್ರದಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಬೆಳಿಗ್ಗೆ ಬೇಕೆಂದೇ ಅದೇ ಏರಿಗೆ ಹೋದೆವು. ಮಕ್ಕಳನ್ನು ಬಿಟ್ಟು ಹೋದೆವು. ಗ್ಯಾಸ್ ಮುಚ್ಚಿದ್ದೆ. ಟಾರ್ಚ್, ಟೆಸ್ಟರ್, ಏರ್ ಕ್ಲೀನರಿನ ನಟ್ಟಿಗೆ ಸರಿಯಾದ ಸ್ಪ್ಯಾನರ್, ಎಲ್ಲಾ ಮಡಿಲಲ್ಲೇ ಇತ್ತು.

ಸರಿಯಾಗಿ ಹಳೇ ಜಾಗದಲ್ಲೇ ಜಗ್ಗಿತು. ಅಗಲವಾದ ಜಾಗ ನೋಡಿ ನಿಲ್ಲಿಸುವಷ್ಟರಲ್ಲಿ ಆಫ್. ಎರಡು ನಿಮಿಷದಲ್ಲಿ ಏರ್ ಕ್ಲೀನರ್ ಕೈಯಲ್ಲಿತ್ತು. ಥ್ರಾಟಲ್ ಎಳೆದೆ. ಒಣ. ಮತ್ತೆ ಎಳೆದೆ. ಒಂದು ಹನಿ ಕೂಡ ಇಲ್ಲ. ಮುಚ್ಚಿದ ಮೇಲೆ ಕಿಡಿ ನೋಡಿದೆವು, ನೀಲಿ ಬಣ್ಣದ ಒಳ್ಳೇ ಕಿಡಿ ಟಪ್ ಟಪ್ ಅಂತ ಹಾರುತ್ತಿತ್ತು. 20 ನಿಮಿಷ ಆದ ಮೇಲೆ ಸ್ವಲ್ಪ ಹೊತ್ತು ಸೆಲ್ಫ್ ಹೊಡೆದು ಸ್ಟಾರ್ಟ್ ಆಯಿತು.

ಇಷ್ಟು ದಿನದಲ್ಲಿ ಮೊದಲ ಸಲ ನನಗೆ ಏನೋ ಒಂದು ಖಚಿತವಾಗಿ ಗೊತ್ತಾಗಿದೆ. ಪೆಟ್ರೋಲ್ ಬರುತ್ತಿಲ್ಲ. ಮುಂದೆ?

ನಿಧಾನಪಯಣ

ನಾನು ಹೇಳಿದೆನಲ್ಲ, ವೇಪರ್ ಲಾಕ್. ಎಲೆಕ್ಟ್ರಿಕ್ ಪಂಪ್ ಹಾಕಿಸಿ ಅಕ್ಕ.

ಗ್ಯಾರೇಜ್_ಅಣ್ಣ

ಇರಬಹುದು. ಆದರೆ ಪೆಟ್ರೋಲ್ ಬರದಿರಲು ವೇಪರ್ ಲಾಕ್ ಒಂದೇ ಕಾರಣ ಅಲ್ಲ. ಟ್ಯಾಂಕ್ ಮುಚ್ಚಳಕ್ಕೆ ಗಾಳಿ ಬರುವ ದಾರಿ ಕಟ್ಟಿರಬಹುದು. ಟ್ಯಾಂಕಿನ ಒಳಗಿನ ಜಾಲರಿ ತುಂಬಿರಬಹುದು. ಪೈಪ್ ಎಲ್ಲಾದರೂ ಚಪ್ಪಟೆಯಾಗಿರಬಹುದು, ಗಾಳಿ ಎಳೆಯುತ್ತಿರಬಹುದು. ಹೊಸ ಪಂಪೇ ಕೆಟ್ಟದ್ದು ಬಂದಿರಬಹುದು.

ಸಮತಟ್ಟಿನಲ್ಲಿ ಯಾಕೆ ಏನೂ ಆಗುವುದಿಲ್ಲ ಅಂತ ಯೋಚಿಸಿ. ನಿಂತಲ್ಲೇ ಓಡುವಾಗ ಇಂಥ ಎಂಜಿನ್ ಗಂಟೆಗೆ ಮೂರು ನಾಲ್ಕು ಲೀಟರ್ ಕುಡಿಯುತ್ತದೆ. ಐದು ಟನ್ ಗಾಡಿಯನ್ನು ಆಕ್ಸಿಲರೇಟರ್ ಪೂರ್ತಿ ಒತ್ತಿ ಏರು ಹತ್ತಿಸುವಾಗ ಅದೇ ಎಂಜಿನ್ ನಿಮಿಷಕ್ಕೆ ಸುಮಾರು ಒಂದು ಲೀಟರ್ ಕೇಳಬಹುದು. ಪೈಪಿನಲ್ಲಿ ಕಾಲು ಭಾಗ ದಾರಿ ತೆರೆದಿದ್ದರೂ ಸಮತಟ್ಟಿಗೆ ಸಾಕು, ಏರಿಗೆ ಸಾಲದು. ಹಾಗಾಗಿ ಮನೆ ಮುಂದೆ ನಿಲ್ಲಿಸಿ ಎಷ್ಟು ರೇಸ್ ಮಾಡಿದರೂ ಇದು ಸಿಗುವುದಿಲ್ಲ.

ಪಂಪಿನ ಎರಡೂ ಕಡೆ ಒಂದೊಂದು ಮೀಟರ್ ಹಾಕೋಣ. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಕಡೆ ಪ್ರೆಷರ್ ಗೇಜ್. ಇಂಥ ಕಾರ್ಬುರೇಟರಿಗೆ 5ರಿಂದ 7 ಪಿಎಸ್‌ಐ (ಒತ್ತಡದ ಅಳತೆ) ಬೇಕು. ಟ್ಯಾಂಕಿನಿಂದ ಪಂಪಿಗೆ ಬರುವ ಕಡೆ ವ್ಯಾಕ್ಯೂಮ್ ಗೇಜ್, ಅದು ಎಳೆತವನ್ನು ಪಾದರಸದ ಇಂಚಿನಲ್ಲಿ ತೋರಿಸುತ್ತದೆ. ಟೀ ಜಾಯಿಂಟ್ ಹಾಕಿ, ಪೆಟ್ರೋಲಿಗೆ ಬಳಸುವ ಪೈಪನ್ನೇ ಬಳಸಿ. ಗೇಜ್‌ಗಳನ್ನು ಗಾಡಿಯ ಒಳಗೆ ಯಾವ ಕಾರಣಕ್ಕೂ ತರಬೇಡಿ. ಮುಂದಿನ ಗಾಜಿನ ಹೊರಗೆ, ವೈಪರ್ ಹತ್ತಿರ, ಒಳಗಿನಿಂದ ಕಾಣುವ ಹಾಗೆ ಟೇಪ್ ಹಾಕಿ. ಪೈಪ್ ಸೈಲೆನ್ಸರ್ ಕಡೆಯ ಬಿಸಿ ಕಬ್ಬಿಣಕ್ಕೆ ತಾಗದ ಹಾಗೆ ಕಟ್ಟಿ.

ಏರಿನಲ್ಲಿ ಪ್ರೆಷರ್ ಬಿದ್ದಾಗ ಇನ್ನೊಂದು ಮುಳ್ಳನ್ನು ನೋಡಬೇಕು. ವ್ಯಾಕ್ಯೂಮ್ ಮೇಲಕ್ಕೆ ಹೋದರೆ ಪಂಪ್ ಜೋರಾಗಿ ಎಳೆಯುತ್ತಿದೆ, ಹಿಂದೆ ಎಲ್ಲೋ ಕಟ್ಟಿದೆ. ವ್ಯಾಕ್ಯೂಮ್ ಕೂಡ ಬಿದ್ದರೆ ಪಂಪ್ ಸೋತಿದೆ, ಇಲ್ಲಾ ಗಾಳಿಯನ್ನೋ ಆವಿಯನ್ನೋ ಎಳೆಯುತ್ತಿದೆ. ನಿಧಾನಪಯಣ ಸರ್ ಹೇಳಿದ್ದು ಸರಿಯಾದರೆ ಎರಡನೆಯದು ಕಾಣಬೇಕು.

ಎಲೆಕ್ಟ್ರಿಕ್ ಪಂಪ್ ಬಗ್ಗೆ ಹೇಳುವುದಾದರೆ, ಹಿಂದೆ ಕಟ್ಟಿದ್ದರೆ ಅದೂ ಆ ಕಟ್ಟಿದ ದಾರಿಯಿಂದಲೇ ಎಳೆಯಬೇಕಲ್ವಾ? ಹಾಕುವುದೇ ಆದರೆ ಕಾರ್ಬುರೇಟರಿನ ಕಡಿಮೆ ಒತ್ತಡದ ಪಂಪನ್ನೇ ಹಾಕಬೇಕು. ಇಂಜೆಕ್ಷನ್ ಗಾಡಿಯ ಪಂಪ್ ಹಾಕಿದರೆ ಬಟ್ಟಲು ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ನೀಡಲ್ ವಾಲ್ವ್ ಆ ಒತ್ತಡ ತಡೆಯುವುದಿಲ್ಲ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಉಕ್ಕುತ್ತದೆ. ಎಂಜಿನ್ ನಿಂತ ತಕ್ಷಣ ಪಂಪನ್ನೂ ನಿಲ್ಲಿಸುವ ಆಯಿಲ್ ಪ್ರೆಷರ್ ಸ್ವಿಚ್ ಇಲ್ಲದೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಪಘಾತ ಆದಾಗ ಪೈಪ್ ಕಿತ್ತುಹೋಗಿ ಪಂಪ್ ಓಡುತ್ತಲೇ ಇದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಎಂಟುಸಿಲಿಂಡರ್

ಒಂದು ಸುಲಭದ ಪ್ರಶ್ನೆ. ಜನರೇಟರ್ ಇದೆಯಾ? ಅದೂ ಇದೇ ಟ್ಯಾಂಕಿನ ಪೆಟ್ರೋಲ್ ಕುಡಿಯುತ್ತದಾ? ಎಷ್ಟೋ ಮೋಟರ್‌ಹೋಮ್‌ಗಳಲ್ಲಿ ಜನರೇಟರಿಗೆ ಟ್ಯಾಂಕಿನೊಳಗೆ ಬೇರೆ ಕೊಳವೆ ಇರುತ್ತದೆ, ಸ್ವಲ್ಪ ಗಿಡ್ಡ ಇರುತ್ತದೆ. ಕಾಲು ಟ್ಯಾಂಕ್ ಉಳಿದಾಗ ಜನರೇಟರ್ ನಿಲ್ಲಲಿ, ಗಾಡಿಗೆ ವಾಪಸ್ ಹೋಗುವಷ್ಟು ಪೆಟ್ರೋಲ್ ಉಳಿಯಲಿ ಅಂತ. ಬಿಸಿ ದಿನದಲ್ಲಿ ಜನರೇಟರ್ ಗಂಟೆಗಟ್ಟಲೆ ಓಡುತ್ತಿದ್ದರೆ ಟ್ಯಾಂಕಿಗೆ ಗಾಳಿ ಬರುವ ದಾರಿ ಬಹುಶಃ ಚೆನ್ನಾಗಿದೆ.

ಇನ್ನು, ಮುಂದಿನ ಸಲ ಆಫ್ ಆದಾಗ ಟ್ಯಾಂಕ್ ಮುಚ್ಚಳ ಮೆಲ್ಲಗೆ ತಿರುಗಿಸಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಅಲ್ಲೇ ಉತ್ತರ.

ಚಕ್ರದಮನೆ

ಜನರೇಟರ್ ಇದೆ, ಇದೇ ಟ್ಯಾಂಕ್. ಎಷ್ಟು ಹೊತ್ತು ಓಡಿಸಿದರೂ ಕಮಕ್ ಕಿಮಕ್ ಅನ್ನುವುದಿಲ್ಲ. ಮುಚ್ಚಳ ನಿನ್ನೆಯೇ ತೆಗೆದು ನೋಡಿದ್ದೆ, ಸದ್ದಿಲ್ಲ.

ಗೇಜ್‌ಗೆ ಬೇಕಾದ ಸಾಮಾನು ಹೊಂದಿಸುತ್ತಿದ್ದೇನೆ. ಅಷ್ಟರಲ್ಲಿ ಇನ್ನೊಂದು ಕೇಳುತ್ತೇನೆ. ಬೆಳಿಗ್ಗೆ ತಣ್ಣಗಿರುವಾಗ ಎಂಜಿನ್ನಿನ ಹಿಂಭಾಗದಲ್ಲಿ ಟಿಕ್ ಟಿಕ್ ಅಂತ ಸದ್ದು ಬರುತ್ತದೆ. ಹತ್ತು ನಿಮಿಷ ಓಡಿದರೆ ಹೋಗುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ? ಒಳಗೆ ಒಮ್ಮೊಮ್ಮೆ ಹೊಗೆ ವಾಸನೆಯೂ ಬರುತ್ತದೆ, ಹಳೇ ಗಾಡಿ ಅಂತ ಸುಮ್ಮನಿದ್ದೆವು.

ಎಚ್ಚರಿಕೆ_ಮೊದಲು

ಅಕ್ಕ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೆ ನನ್ನ ಪ್ರಕಾರ ನಿಮ್ಮ ಗಾಡಿಯ ದೊಡ್ಡ ತೊಂದರೆ ಇದು, ಅದಲ್ಲ.

ತಣ್ಣಗಿರುವಾಗ ಟಿಕ್ ಅಂದು ಬಿಸಿಯಾದಾಗ ಹೋಗುವ ಸದ್ದು ಎಂದರೆ ಬಹಳ ಸಲ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೋರುತ್ತಿದೆ ಅಂತ ಅರ್ಥ. ಕಬ್ಬಿಣ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಭಾರದ ಗಾಡಿಯ ಈ ದೊಡ್ಡ ಎಂಜಿನ್‌ಗಳಲ್ಲಿ ಹಿಂದಿನ ಬೋಲ್ಟ್ ತುಂಡಾಗುವುದು ತುಂಬಾ ಸಾಮಾನ್ಯ. ಟಾರ್ಚ್ ಹಿಡಿದು ನೋಡಿ. ಬೋಲ್ಟಿನ ತಲೆ ಇರಬೇಕಾದ ಕಡೆ ಖಾಲಿ ತೂತು, ಸುತ್ತಲೂ ಕಪ್ಪು ಮಸಿಯ ಗೆರೆ ಕಾಣಬಹುದು.

ಕಾರಿನಲ್ಲಿ ಆ ಹೊಗೆ ಬಾನೆಟ್ ಅಡಿಯಿಂದ ಹೊರಗೆ ಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಎಂಜಿನ್ ಇಬ್ಬರ ಸೀಟಿನ ಮಧ್ಯೆ ಇದೆ, ಮೇಲೆ ಒಂದು ಮುಚ್ಚಳ ಮಾತ್ರ. ಆ ಮುಚ್ಚಳದ ಅಂಚಿನ ರಬ್ಬರ್ ಹಾಳಾಗಿದ್ದರೆ ಹೊಗೆ ನೇರ ಒಳಗೆ. ಹೊಗೆಯಲ್ಲಿ ವಾಸನೆ ಇರುತ್ತದೆ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ತಲೆನೋವು, ಹೊಟ್ಟೆ ತೊಳಸು, ನಿದ್ದೆ ಬಂದ ಹಾಗೆ ಆಗುವುದು, ಇವೇ ಲಕ್ಷಣ. ಪ್ರಯಾಣದ ಆಯಾಸ ಅಂದುಕೊಂಡು ಜನ ಮಲಗಿಬಿಡುತ್ತಾರೆ.

ದೂರ ಹೋದಾಗ ಮಕ್ಕಳಿಗೆ ತಲೆನೋವು ಬರುತ್ತಿತ್ತಾ? ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಗೇಜ್‌ಗಿಂತ ಮೊದಲು ಅದನ್ನು ಹಾಕಿ. ಇದ್ದರೆ ಹಿಂದೆ ಬರೆದಿರುವ ಅವಧಿ ಮುಗಿದಿದೆಯಾ ನೋಡಿ. ಆ ಅಲಾರಂಗಳಿಗೂ ಆಯಸ್ಸು ಇದೆ.

ಚಕ್ರದಮನೆ

ಓದಿ ಕೈಕಾಲು ತಣ್ಣಗಾಯಿತು. ಹೌದು, ಚಿಕ್ಕವನಿಗೆ ತಲೆನೋವು ಬರುತ್ತಿತ್ತು. ತಿರುವಿನ ದಾರಿಯಿಂದ ಅಂದುಕೊಂಡಿದ್ದೆ.

ಬಲಗಡೆಯ ಕೊನೆಯ ಬೋಲ್ಟ್ ಇಲ್ಲವೇ ಇಲ್ಲ. ನೀವು ಹೇಳಿದ ಹಾಗೇ ಮಸಿಯ ಗೆರೆ. ಮುಚ್ಚಳದ ರಬ್ಬರ್ ಮುಟ್ಟಿದರೆ ಪುಡಿಯಾಗುತ್ತದೆ. ಇದ್ದ ಅಲಾರಮ್ಮಿನ ಅವಧಿ ಯಾವತ್ತೋ ಮುಗಿದಿದೆ. ಹೊಸದು ತಂದು ಹಾಕಿದೆ. ತುಂಡಾದ ಬೋಲ್ಟ್ ತೆಗೆಯುವುದು ನನ್ನ ಕೈಲಿ ಆಗುವ ಕೆಲಸ ಅಲ್ಲ, ವೆಲ್ಡಿಂಗ್ ಬಲ್ಲವರಿಗೆ ಕೊಟ್ಟಿದ್ದೇನೆ. ಅದು ಮುಗಿಯುವವರೆಗೆ ಗಾಡಿ ಕದಲುವುದಿಲ್ಲ.

ಪೆಟ್ರೋಲ್ ವಿಷಯ ಕೇಳಲು ಬಂದು ಇದು ಸಿಕ್ಕಿತು. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಡೀಸೆಲ್_ಹೊಗೆ

ಒಳ್ಳೇದಾಯಿತು ಅಕ್ಕ. ನಾನೂ ಈಗಲೇ ಹೋಗಿ ನಮ್ಮ ಮುಚ್ಚಳದ ರಬ್ಬರ್ ನೋಡಿ ಬಂದೆ.

ಚಕ್ರದಮನೆ

ಎರಡು ವಾರ ಆಯಿತು, ಕ್ಷಮಿಸಿ. ಬೋಲ್ಟ್ ಕೆಲಸ ಮುಗಿದು, ಮುಚ್ಚಳಕ್ಕೆ ಹೊಸ ರಬ್ಬರ್ ಹಾಕಿ, ಒಳಗೆ ಅಲಾರಂ ಇಟ್ಟುಕೊಂಡೇ ಓಡಿಸಿದೆವು. ಟಿಕ್ ಸದ್ದು ಪೂರ್ತಿ ಹೋಗಿದೆ, ವಾಸನೆಯೂ ಇಲ್ಲ.

ಆಮೇಲೆ ಎರಡೂ ಗೇಜ್ ಗಾಜಿನ ಹೊರಗೆ ಅಂಟಿಸಿ ಅದೇ ಏರಿಗೆ ಹೋದೆವು. ನಾನು ನೋಟ್‌ಬುಕ್ ಹಿಡಿದು ಕೂತಿದ್ದೆ. ಬರೆದಿಟ್ಟಿದ್ದು ಇಷ್ಟು:

ತಣ್ಣಗೆ, ನಿಂತಲ್ಲಿ: ಪ್ರೆಷರ್ 6, ವ್ಯಾಕ್ಯೂಮ್ 1 ಇಂಚು.
ಸಮತಟ್ಟಿನಲ್ಲಿ 30 ನಿಮಿಷ ಆದ ಮೇಲೆ: ಪ್ರೆಷರ್ 5.5, ವ್ಯಾಕ್ಯೂಮ್ 3.
ಏರು ಶುರು: ಪ್ರೆಷರ್ 4, ವ್ಯಾಕ್ಯೂಮ್ 7.
ಜಗ್ಗುವ ಸ್ವಲ್ಪ ಮೊದಲು: ಪ್ರೆಷರ್ 1ಕ್ಕಿಂತ ಕೆಳಗೆ, ವ್ಯಾಕ್ಯೂಮ್ 12.

ಆಫ್ ಆದ ಮೇಲೆ ವ್ಯಾಕ್ಯೂಮ್ ಮುಳ್ಳು ಒಮ್ಮೆಲೇ ಇಳಿಯಲಿಲ್ಲ. ತುಂಬಾ ನಿಧಾನ ಇಳಿಯಿತು. ನಾನು ಗಡಿಯಾರ ನೋಡುತ್ತಲೇ ಇದ್ದೆ. ಹದಿನೈದು ನಿಮಿಷ ಹತ್ತಿರ ಬಂದಾಗ ಸೊನ್ನೆ. ಆಗ ಸೆಲ್ಫ್ ಹೊಡೆದರೆ ಸ್ಟಾರ್ಟ್! 12 ಇಂಚಿನಲ್ಲಿದ್ದಾಗ ಟ್ಯಾಂಕ್ ಮುಚ್ಚಳ ತೆಗೆದು ನೋಡಿದೆ, ಮುಳ್ಳು ಕದಲಲಿಲ್ಲ.

ಗ್ಯಾರೇಜ್_ಅಣ್ಣ

ಅಕ್ಕ, ನೀವು ಬರೆದಿಟ್ಟ ಈ ನಾಲ್ಕು ಸಾಲು ನೀವು ಬದಲಾಯಿಸಿದ ಅಷ್ಟೂ ಸಾಮಾನಿಗಿಂತ ಹೆಚ್ಚು ಹೇಳುತ್ತವೆ.

ಪಂಪ್ ಚೆನ್ನಾಗಿದೆ, 12 ಇಂಚು ಎಳೆಯುತ್ತಿದೆ. ಗಾಳಿ ಸೋರಿಕೆ ಇಲ್ಲ, ಇದ್ದಿದ್ದರೆ ಅಷ್ಟು ವ್ಯಾಕ್ಯೂಮ್ ನಿಲ್ಲುತ್ತಿರಲಿಲ್ಲ. ಮುಚ್ಚಳ ತೆಗೆದರೂ ಬದಲಾಗಲಿಲ್ಲ, ಅಂದರೆ ಟ್ಯಾಂಕಿನ ಗಾಳಿ ದಾರಿ ಅಲ್ಲ. ಟ್ಯಾಂಕಿನ ಒಳಗಿನ ಜಾಲರಿ ಮತ್ತು ಪಂಪಿನ ಮಧ್ಯೆ ಎಲ್ಲೋ ದಾರಿ ಮುಚ್ಚಿಕೊಳ್ಳುತ್ತಿದೆ, ಎಳೆತ ಬಿಟ್ಟಾಗ ಮೆಲ್ಲಗೆ ತೆರೆಯುತ್ತಿದೆ.

ಕಬ್ಬಿಣದ ಪೈಪ್ ಹಾಗೆ ಮುಚ್ಚಿ ತೆರೆಯುವುದಿಲ್ಲ. ರಬ್ಬರ್ ಮಾಡುತ್ತದೆ. ನಿಮ್ಮ ಮೊದಲ ಪೋಸ್ಟಿಗೆ ವಾಪಸ್ ಹೋದೆ. ಫಿಲ್ಟರಿನಲ್ಲಿ ಕಪ್ಪು ಪುಡಿ ಅಂದಿದ್ದಿರಿ. ಅದನ್ನು ನಾನು ಅವತ್ತೇ ಕೇಳಬೇಕಿತ್ತು. ಆ ಹಳೇ ಫಿಲ್ಟರ್ ಇನ್ನೂ ಇದ್ದರೆ ಪುಡಿಯನ್ನು ಬಿಳಿ ಕಾಗದದ ಮೇಲೆ ಉದುರಿಸಿ, ಒಣಗಿದ ಮೇಲೆ ಬೆರಳಲ್ಲಿ ತಿಕ್ಕಿ. ಟ್ಯಾಂಕಿನ ತುಕ್ಕು ಕೆಂಪು ಕಂದು ಇರುತ್ತದೆ, ಮರಳಿನ ಹಾಗೆ ಕರಕರ ಅನ್ನುತ್ತದೆ. ರಬ್ಬರ್ ಕಪ್ಪಗೆ ಮೆತ್ತಿಕೊಳ್ಳುತ್ತದೆ.

ಚಕ್ರದಮನೆ

ಫಿಲ್ಟರ್ ಡಬ್ಬಿಯಲ್ಲೇ ಇತ್ತು. ತಿಕ್ಕಿದೆ. ಬೆರಳಿಗೆ ಮತ್ತು ಕಾಗದಕ್ಕೆ ಪೆನ್ಸಿಲ್ ಎಳೆದ ಹಾಗೆ ಕಪ್ಪು ಗೆರೆ ಬಂತು.

ಆದರೆ ಪಂಪಿನ ಹತ್ತಿರದ ರಬ್ಬರ್ ಪೈಪ್ ಪಂಪ್ ಜೊತೆಗೇ ಹೊಸದು ಹಾಕಿದ್ದೇವೆ. ಚಾಸಿ ಉದ್ದಕ್ಕೂ ಇರುವುದು ಕಬ್ಬಿಣದ ಪೈಪ್. ಬೇರೆ ರಬ್ಬರ್ ಕಾಣುತ್ತಿಲ್ಲ.

ಎಂಟುಸಿಲಿಂಡರ್

ಕಾಣುವುದಿಲ್ಲ ಅಕ್ಕ, ಟ್ಯಾಂಕಿನ ತಲೆಯ ಮೇಲೆ ಇದೆ. ಟ್ಯಾಂಕಿನಿಂದ ಹೊರಬರುವ ಕೊಳವೆಗೂ ಕಬ್ಬಿಣದ ಪೈಪಿಗೂ ನಡುವೆ ಒಂದು ಸಣ್ಣ ರಬ್ಬರ್ ತುಂಡು. ಟ್ಯಾಂಕ್ ಇಳಿಸದೆ ಕೈ ಹೋಗುವುದಿಲ್ಲ. ಅದಕ್ಕೇ ಎಲ್ಲರೂ ಮುಂದಿನದ್ದನ್ನು ಬದಲಾಯಿಸಿ ಅದನ್ನು ಬಿಟ್ಟಿರುತ್ತಾರೆ. 1986ರ ರಬ್ಬರ್ ಇವತ್ತಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಮಾಡಿದ್ದಲ್ಲ. ಒಳಗಿನ ಪದರ ಉಬ್ಬಿ ಬಿಟ್ಟುಕೊಳ್ಳುತ್ತದೆ, ಹೊರಗಿನದು ಚೆನ್ನಾಗೇ ಇರುತ್ತದೆ.

ಟ್ಯಾಂಕ್ ಇಳಿಸುವ ಮುಂಚೆ ಆದಷ್ಟು ಖಾಲಿ ಮಾಡಿ. ಲೀಟರಿಗೆ ಮುಕ್ಕಾಲು ಕೆಜಿ ಲೆಕ್ಕ ಹಾಕಿದರೆ 150 ಲೀಟರ್ ಅಂದರೆ 110 ಕೆಜಿ ಮೇಲೆ, ಅದೂ ಒಳಗೆ ಅಲುಗಾಡುವ ಭಾರ. ಬಯಲಿನಲ್ಲಿ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮನೆಯ ಕಡೆಯ ಬ್ಯಾಟರಿಯನ್ನೂ ಬಿಚ್ಚಿ. ಅದನ್ನು ಮರೆಯುವವರು ಜಾಸ್ತಿ.

ಚಕ್ರದಮನೆ

ಸಿಕ್ಕಿತು!!

ನಿನ್ನೆ ಇಡೀ ದಿನ ಟ್ಯಾಂಕ್ ಕೆಲಸ. ನಾವಿಬ್ಬರು, ಜೊತೆಗೆ ತಮ್ಮ. ಟ್ರಾಲಿ ಜಾಕ್ ಮೇಲೆ ಹಲಗೆ ಇಟ್ಟು ಮೆಲ್ಲಗೆ ಇಳಿಸಿದೆವು. ಟ್ಯಾಂಕಿನ ಮೇಲೆ ಮೂರು ರಬ್ಬರ್ ತುಂಡು ಇದ್ದವು. ಎಂಜಿನ್ನಿಗೆ ಒಂದು, ಜನರೇಟರಿಗೆ ಒಂದು, ಗಾಳಿಗೆ ಒಂದು.

ಎಂಜಿನ್ನಿನ ತುಂಡು ಒಂದು ಗೇಣು ಉದ್ದ. ಹೊರಗಿನಿಂದ ನೋಡಿದರೆ ಯಾರೂ ತಪ್ಪು ಹೇಳುವ ಹಾಗಿರಲಿಲ್ಲ, ಮೇಲೆ ಬರೆದಿರುವ ಅಕ್ಷರ ಕೂಡ ಓದಲು ಬರುತ್ತಿತ್ತು. ಬಗ್ಗಿಸಿದರೆ ಮಾತ್ರ ಕೂದಲೆಳೆಯಷ್ಟು ಬಿರುಕು ಸಾಲಾಗಿ ಕಂಡವು. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದೆ. ಒಳಗಿನ ಪದರ ಒಂದು ಕಡೆ ಪೂರ್ತಿ ಬಿಟ್ಟುಕೊಂಡು ನಾಲಿಗೆಯ ಹಾಗೆ ಜೋತುಬಿದ್ದಿತ್ತು. ಬೆರಳಿನಿಂದ ಮುಟ್ಟಿದರೆ ಮೆತ್ತಗೆ, ಹಸಿ ತೊಗಲಿನ ಹಾಗೆ. ಸೀಳದ ಇನ್ನೊಂದು ತುದಿಯಿಂದ ಕಣ್ಣಿಟ್ಟು ನೋಡಿದರೆ ಬೆಳಕು ಬರುವ ದಾರಿ ಪೆನ್ ರೀಫಿಲ್ ಹೋಗುವಷ್ಟೂ ಇಲ್ಲ. ಪಂಪ್ ಜೋರಾಗಿ ಎಳೆದಾಗ ಆ ನಾಲಿಗೆ ಬಾಯಿ ಮುಚ್ಚಿಬಿಡುತ್ತಿತ್ತು. ಬಿಸಿಗೆ ಇನ್ನೂ ಮೆತ್ತಗಾಗಿ ಇನ್ನೂ ಬೇಗ ಮುಚ್ಚುತ್ತಿತ್ತು. ಜನರೇಟರ್ ಕುಡಿಯುವುದು ಕಡಿಮೆ, ಅದರ ದಾರಿಯೇ ಬೇರೆ. ಹಾಗಾಗಿ ಅದಕ್ಕೆ ಏನೂ ಆಗಲಿಲ್ಲ.

ಆ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ.

ನಿಧಾನಪಯಣ

ಅಕ್ಕ, ಅಭಿನಂದನೆ. ನಾನು ವೇಪರ್ ಲಾಕ್ ಅಂತ ಹಠ ಹಿಡಿದಿದ್ದು ತಪ್ಪಾಯಿತು. ನನ್ನ ಗಾಡಿಯಲ್ಲಿ ಹಾಗೆ ಆಗಿತ್ತು, ಎಲ್ಲರದ್ದೂ ಅದೇ ಅಂದುಕೊಂಡೆ. ವ್ಯಾಕ್ಯೂಮ್ ಗೇಜ್ ಉಪಾಯ ನನಗೂ ಹೊಸದು, ಬರೆದಿಟ್ಟುಕೊಂಡಿದ್ದೇನೆ.

ಗ್ಯಾರೇಜ್_ಅಣ್ಣ

ಮೂರನ್ನೂ ಬದಲಾಯಿಸಿ, ಒಂದನ್ನೇ ಅಲ್ಲ. ಪೈಪಿನ ಮೇಲೆ ಎಸ್‌ಎಇ 30ಆರ್9 ಅಂತ ಬರೆದಿರುವುದು ತನ್ನಿ, ಎಥನಾಲ್ ತಡೆಯುತ್ತದೆ. ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲಿ ಮುಳುಗಿರುವ ರಬ್ಬರ್ ಏನಾದರೂ ಇದ್ದರೆ ಅದಕ್ಕೆ 30ಆರ್10 ಬೇಕು. ಹೊರಗೆ ಹಾಕುವ ಪೈಪನ್ನು ಒಳಗೆ ಮುಳುಗಿಸಿದರೆ ಅದರ ಹೊರಗಿನ ಪದರ ಕರಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಇದೇ ಕಪ್ಪು ಪುಡಿ. ಒಳಗಿನ ಜಾಲರಿಯನ್ನೂ ಈಗಲೇ ಹೊಸದು ಹಾಕಿಬಿಡಿ. ಮತ್ತೆ ಟ್ಯಾಂಕ್ ಇಳಿಸುವ ಕಷ್ಟ ಬೇಡ.

ಕ್ಲಿಪ್ಪಿನ ವಿಷಯ. ತಿರುಪಿನ ಕ್ಲಿಪ್‌ನಲ್ಲಿ ಪಟ್ಟಿಯ ಸೀಳು ರಬ್ಬರನ್ನು ಕಡಿಯುತ್ತದೆ. ಅಂಚು ಮಡಿಸಿದ, ಸೀಳಿಲ್ಲದ ಪೆಟ್ರೋಲ್ ಪೈಪ್ ಕ್ಲಿಪ್ ಸಿಗುತ್ತದೆ, ಅದನ್ನು ಹಾಕಿ. ಸುಮ್ನೆ ಬಿಗಿಯುತ್ತಾ ಹೋಗಬೇಡಿ. ಮುಂದಿನ ಫಿಲ್ಟರ್ ಹೊಸದು ಹಾಕಿ 500 ಕಿಲೋಮೀಟರ್ ಆದ ಮೇಲೆ ಮತ್ತೊಂದು ಬದಲಾಯಿಸಿ. ಕಬ್ಬಿಣದ ಪೈಪಿನಲ್ಲಿ ಉಳಿದ ಪುಡಿ ಬಂದೇ ಬರುತ್ತದೆ.

ಚಕ್ರದಮನೆ

ಮೂರೂ ಬದಲಾಯಿಸಿದೆವು, ಜಾಲರಿಯೂ ಹೊಸದು. ನಿನ್ನೆ ಗೇಜ್ ಇಟ್ಟುಕೊಂಡೇ ಅದೇ ಏರು ಹತ್ತಿದೆವು. ಅರ್ಧ ಟ್ಯಾಂಕ್, ಮಧ್ಯಾಹ್ನದ ಬಿಸಿಲು. ತುದಿಯವರೆಗೂ ಪ್ರೆಷರ್ 5.5ಕ್ಕಿಂತ ಇಳಿಯಲಿಲ್ಲ, ವ್ಯಾಕ್ಯೂಮ್ 2 ದಾಟಲಿಲ್ಲ. ಮೇಲೆ ನಿಲ್ಲಿಸದೆ ಇನ್ನೊಂದು ಕಡೆ ಇಳಿದು, ತಿರುಗಿಸಿಕೊಂಡು ಮತ್ತೊಮ್ಮೆ ಹತ್ತಿದೆವು. ಅದೇ ಅಂಕಿ.

ಗೇಜ್ ಬಿಚ್ಚಿ ಟೀ ಜಾಯಿಂಟ್‌ಗಳನ್ನು ತೆಗೆದು ಪೈಪನ್ನು ಮೊದಲಿನ ಹಾಗೆ ಮಾಡಿದ್ದೇನೆ. ಎಂಜಿನ್ ಓಡುತ್ತಿರುವಾಗ ಒಂದೊಂದು ಜೋಡಣೆಗೂ ಬಿಳಿ ಕಾಗದ ಒತ್ತಿ ನೋಡಿದೆ, ಎಲ್ಲೂ ಒದ್ದೆ ಇಲ್ಲ. ಅಲಾರಂ ಸೊನ್ನೆ ತೋರಿಸುತ್ತಿದೆ. ಮುಂದಿನ ವಾರ ಮಕ್ಕಳ ಜೊತೆ ಹೊರಡುತ್ತೇವೆ.

ಹೊಸ_ಸದಸ್ಯ

ಈ ಚರ್ಚೆ ಪೂರ್ತಿ ಓದಿದೆ. ನನ್ನ ಗಾಡಿಯದ್ದೂ ಹೆಚ್ಚುಕಡಿಮೆ ಇದೇ ಲಕ್ಷಣ, ಆದರೆ ಜಗ್ಗುವುದಿಲ್ಲ. ಪಿಕಪ್ ಮಾತ್ರ ಬರಬರುತ್ತಾ ಇಳಿಯುತ್ತದೆ, ಆಫ್ ಆಗುವುದಿಲ್ಲ. ನಾನೂ ಟ್ಯಾಂಕ್ ಇಳಿಸಲಾ?

ಗ್ಯಾರೇಜ್_ಅಣ್ಣ

ಬೇಡ, ಈಗಲೇ ಬೇಡ. ಮೊದಲು ಇನ್‌ಟೇಕ್ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿ. ಬಿಸಿ ಎಂಜಿನ್ ನಿಂತಲ್ಲಿ ಓಡುವಾಗ 17ರಿಂದ 21 ಇಂಚು ನಿಲ್ಲಬೇಕು. ಎತ್ತರದ ಜಾಗದಲ್ಲಿ 300 ಮೀಟರಿಗೆ ಒಂದು ಇಂಚಿನ ಹಾಗೆ ಕಡಿಮೆ ಬರುತ್ತದೆ. ಆಮೇಲೆ 2500 ಆರ್‌ಪಿಎಂನಲ್ಲಿ ಒಂದೆರಡು ನಿಮಿಷ ಹಿಡಿಯಿರಿ. ಮುಳ್ಳು ಮೆಲ್ಲಗೆ ಇಳಿಯುತ್ತಲೇ ಹೋದರೆ ಸೈಲೆನ್ಸರ್ ಕಡೆ ಕಟ್ಟಿದೆ, ಹೊಗೆ ಹೊರಗೆ ಹೋಗುತ್ತಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಮೊದಲ ಅನುಮಾನ ಅದರ ಮೇಲೆ. ಮುಳ್ಳು ಗಟ್ಟಿಯಾಗಿ ನಿಂತರೆ ಆಗ ಪೆಟ್ರೋಲ್ ಕಡೆ ಬರೋಣ. ಗಾಡಿ ಯಾವ ವರ್ಷದ್ದು, ಏನೇನು ಬದಲಾಯಿಸಿದ್ದೀರಿ, ಫಿಲ್ಟರಿನಲ್ಲಿ ಏನು ಸಿಕ್ಕಿತು, ಬೇರೆ ಚರ್ಚೆ ಶುರು ಮಾಡಿ ಅದರಲ್ಲಿ ಬರೆಯಿರಿ. ಎಷ್ಟೇ ಸಣ್ಣದಾದರೂ ಬಿಡಬೇಡಿ, ಬಣ್ಣ ಸಮೇತ ಬರೆಯಿರಿ.